ಗೂಬೆಯ ಹಣೆಯ ಚುಕ್ಕಿಗಳು

ಗೂಬೆಯ ಮುಖ ಮೊದಲ ಸಲ ಕಂಪ್ಯೂಟರಿನ ಪರದೆ ತುಂಬ ಬಂದಾಗ ನಾನು ಅದನ್ನು ಬೆಳ್ಳಗೆ ಮಾಡಿದೆ. ಬೇಕೆಂದು ಮಾಡಿದ್ದಲ್ಲ. ಮಲ್ಕಾಜ್‌ಗಿರಿ ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಫೋಟೊ ಸ್ಟುಡಿಯೊದಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಪಾಸ್‌ಪೋರ್ಟ್ ಫೋಟೊ ಇರಲಿ, ಮದುವೆಯ ಆಲ್ಬಮ್ ಇರಲಿ, ಮುಖ ಕಂಡರೆ ಸಾಕು, ನನ್ನ ಕೈ ತಾನಾಗಿ ಮೊಡವೆ ತೆಗೆಯುತ್ತದೆ, ಕಲೆ ಒರೆಸುತ್ತದೆ, ಬಣ್ಣವನ್ನು ಇಷ್ಟು ತಿಳಿ ಮಾಡುತ್ತದೆ. ಗೂಬೆಗೂ ಹಾಗೆಯೇ ಮಾಡಿತು.

ಹಿಂದೆ ನಿಂತು ನೋಡುತ್ತಿದ್ದ ಅತ್ತೆ ಕೇಳಿದರು, “ಇದು ಗೂಗಿನೋ, ಮದುಮಗಳೋ?”

“ಗೂಗಿನ, ಅತ್ತಿ.”

“ಮತ್ತ ಹಣಿಮ್ಯಾಲಿನ ಚುಕ್ಕಿ ಎಲ್ಲಿ ಹೋದವು? ನನ್ನ ಮಗಳವು ಹೋದಲ್ಲೇ ಹೋದವೇನು?”

ಮೌಸಿನ ಮೇಲಿನ ಕೈ ಅಲ್ಲೇ ನಿಂತಿತು.

ಅತ್ತೆ ನನ್ನ ಅಪ್ಪನ ತಂಗಿ. ಅವರ ಮಗಳನ್ನೇ ನಾನು ಮದುವೆಯಾಗಿದ್ದು. ಹಾಗಾಗಿ ಅಳಿಯನೆಂಬ ಮರ್ಯಾದೆಯನ್ನು ಅವರು ನನಗೆ ಎಂದೂ ಕೊಟ್ಟವರಲ್ಲ, ನಾನೂ ಕೇಳಿದವನಲ್ಲ. ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಮನೆಯಲ್ಲಿ ನಾವಿಬ್ಬರೇ ಉಳಿದೆವು.

ಕರ್ಮದ ದಿನಕ್ಕೆ ಅವಳ ದೊಡ್ಡ ಫೋಟೊ ಬೇಕಿತ್ತು. ಊರವರ ಫೋಟೊ ತೆಗೆಯುವವನ ಹೆಂಡತಿಗೆ ತನ್ನದೊಂದು ಒಳ್ಳೆಯ ಫೋಟೊ ಇರಲಿಲ್ಲ. ಸಿಕ್ಕಿದ್ದು ಫೋನಿನಲ್ಲಿ ತೆಗೆದದ್ದು ಒಂದೇ. ರೈಲ್ವೆ ಕ್ವಾರ್ಟರ್ಸ್ ಹಿಂದಿನ ಹುಣಸೆ ಮರದ ನೆರಳಿನಲ್ಲಿ ಅವಳು ತಲೆ ವಾಲಿಸಿ ನಿಂತಿದ್ದಾಳೆ. ಆ ಮರದ ಪೊಟರೆಯಲ್ಲಿ ಒಂದು ಜೋಡಿ ಸಣ್ಣ ಗೂಬೆಗಳಿದ್ದವು. ಸಂಜೆ ಅಲ್ಲಿಗೆ ಹೋಗಿ, ಅವು ತಲೆ ಕುಣಿಸಿದಂತೆ ತಾನೂ ಕುಣಿಸುವುದು ಅವಳ ಚಟ. “ಗೂಗಿ ಮಾರಿ ನೋಡಬ್ಯಾಡ” ಎಂದು ಅತ್ತೆ ಬಯ್ದರೆ, “ಗೂಗಿ ಅಲ್ಲವ್ವ, ಹಾಲಕ್ಕಿ. ಒಳ್ಳೇದ ನುಡೀತೈತಿ” ಎನ್ನುತ್ತಿದ್ದಳು.

ಆ ಫೋಟೊವನ್ನು ನಾನು ದೊಡ್ಡದು ಮಾಡಿ, ಬೆಳಕು ಏರಿಸಿ, ನಯ ಮಾಡಿ, ಕಟ್ಟು ಹಾಕಿಸಿ ತಂದೆ. ಅತ್ತೆ ಸುಮಾರು ಹೊತ್ತು ನೋಡಿದರು.

“ಯಾರಿಕಿ?”

ನಾನು ಫೋಟೊವನ್ನು ಬೆಳಕಿನ ಕಡೆಗೆ ತಿರುಗಿಸಿ ಹಿಡಿದೆ.

“ಸಣ್ಣಾಕಿ ಇದ್ದಾಗ ಅಕೀಗೆ ಅಮ್ಮ ಬಂದಿತ್ತು. ಬೇವಿನ ತಪ್ಪಲದ ಮ್ಯಾಲೆ ಮಲಗಿಸಿ, ಹಗಲೂ ರಾತ್ರಿ ಕಾದು ಉಳಿಸಿಕೊಂಡೀನಿ. ಹಣಿಮ್ಯಾಲಿನ ಆ ಕಲಿ ನನ್ನ ಗಳಿಕಿ. ನೀ ಒರಸಿ ಒಗದಿ.”

ಫೋಟೊ ಕಪಾಟಿನೊಳಗೆ ಸೀರೆಗಳ ಕೆಳಗೆ ಹೋಯಿತು. ಗೋಡೆಗೆ ಹೊಡೆದ ಮೊಳೆ ಹಾಗೆಯೇ ಉಳಿಯಿತು. ವರ್ಷದ ತಿಥಿಯ ಒಳಗೆ ಆ ಮೊಳೆಗೆ ಅತ್ತೆ ಒಪ್ಪುವ ಮುಖವೊಂದನ್ನು ಹಾಕಬೇಕು ಎಂಬುದೊಂದೇ ನನಗೆ ಉಳಿದ ಕೆಲಸ ಎನಿಸಿತು. ಮತ್ತೆ ಮತ್ತೆ ಕುಳಿತೆ. ಬೆಳಕು ಏರಿಸಿದರೆ ಮುಖ ಸುಣ್ಣದಂತಾಗುತ್ತಿತ್ತು, ಬಿಟ್ಟರೆ ಕಲೆಗಳು ಕತ್ತಲೆಯಲ್ಲಿ ಮುಳುಗುತ್ತಿದ್ದವು. ಸ್ಟುಡಿಯೊದ ದೀಪದ ಕೆಳಗೆ ಕೂತ ಮುಖಗಳನ್ನು ಬಲ್ಲ ನನಗೆ ನೆರಳಿನಲ್ಲಿ ನಿಂತ ಮುಖವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಗೂಬೆಗಳ ಹತ್ತಿರ ಹೋದದ್ದು ಕಲಿಯುವುದಕ್ಕಲ್ಲ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ, ಅಷ್ಟೇ. ಬರಿಗೈಯಲ್ಲಿ ಮರದ ಕೆಳಗೆ ನಿಂತರೆ ಜನ ಏನೆಂದಾರೋ ಎಂದು ಸ್ಟುಡಿಯೊ ಮಾಲೀಕರ ಹತ್ತಿರ ಗೂಬೆಯ ಫೋಟೊಗೆಂದು ಕ್ಯಾಮೆರಾ ಕೇಳಿದೆ.

“ಕ್ಯಾ ಭಾಯ್, ಉಲ್ಲೂ ಕಾ ಪಾಸ್‌ಪೋರ್ಟ್ ಬನಾರೇ ಕ್ಯಾ?” ಎಂದು ನಕ್ಕು, ಮದುವೆಗಳಿಗೆ ಒಯ್ಯುವ ಉದ್ದ ಲೆನ್ಸನ್ನೂ ಕೈಗಿತ್ತರು.

ಚಳಿಗಾಲ. ಬೆಳಗಿನ ಬಿಸಿಲು ಕಾಯಿಸಲು ಗೂಬೆ ಪೊಟರೆಯ ಬಾಯಿಗೆ ಬಂದು ಕೂರುತ್ತಿತ್ತು. ನಾನು ಕ್ಯಾಮೆರಾ ಎತ್ತಿದೊಡನೆ ತಲೆಯನ್ನು ಮೇಲೆ ಕೆಳಗೆ ಕುಣಿಸಿ, ಒಳಗೆ ಇಳಿದುಬಿಡುತ್ತಿತ್ತು. ಮರದ ಹಿಂದೆ ಅಡಗಿ ನೋಡಿದೆ, ಬಗ್ಗಿ ನಡೆದು ನೋಡಿದೆ. ಸಿಕ್ಕಿದ್ದೆಲ್ಲ ಖಾಲಿ ಪೊಟರೆಯ ಫೋಟೊ.

ಕೆಲವು ವಾರಗಳ ಮೇಲೆ ಅತ್ತೆಯೂ ಹೊರಟರು. ಒಬ್ಬನೇ ಅಲ್ಲಿ ಕೂತು ಅಳುತ್ತೇನೆಂಬ ಅನುಮಾನ ಅವರಿಗೆ. ಒಂದು ಚಾಪೆ, ಒಂದು ಕಟ್ಟು ಮೆಂತ್ಯ ಸೊಪ್ಪು ತಂದು ಮರದ ಎದುರಿಗೇ ಕೂತು ಸೊಪ್ಪು ಸೋಸತೊಡಗಿದರು. ಗೂಬೆಯ ಕಡೆ ಕತ್ತೆತ್ತಲಿಲ್ಲ. ಗೂಬೆ ಹೊರಗೆ ಬಂತು. ಅವರನ್ನು ನೋಡಿತು. ಒಂದು ಕಣ್ಣು ಮುಚ್ಚಿ ಬಿಸಿಲಿಗೆ ಮೈಯೊಡ್ಡಿತು.

“ನಿಮಗ್ಯಾಕ ಹೆದರೂದಿಲ್ಲ ಅದು?”

“ಕನ್ಯಾ ನೋಡಾಕ ಬಂದಾವ್ರಂಗ ದಿಟ್ಟಿಸಿ ನೋಡಿದ್ರ ಯಾರು ಹೊರಗ ಬರ್ತಾರ? ಕುಂದ್ರು. ಪಲ್ಲೆ ಸೋಸು.”

ಅಂದಿನಿಂದ ನಾನೂ ಸೊಪ್ಪು ಸೋಸಿದೆ. ಕ್ಯಾಮೆರಾ ತೊಡೆಯ ಮೇಲೆ, ಕಣ್ಣು ಮೆಂತ್ಯದ ಮೇಲೆ. ಒಂದೊಂದು ಭಾನುವಾರ ಚಾಪೆಯನ್ನು ಅಷ್ಟಷ್ಟು ಮುಂದೆ ಹಾಸುತ್ತಿದ್ದೆವು. ಗೂಬೆ ತಲೆ ಕುಣಿಸಿದರೆ ಅಂದಿಗೆ ಅಲ್ಲಿಗೇ ನಿಲ್ಲಿಸುವುದು. ಮನೆಯಲ್ಲಿ ದಿನವೂ ಮೆಂತ್ಯವೇ ಆಯಿತು.

ಕೊನೆಗೊಂದು ಬೆಳಿಗ್ಗೆ, ಕೂತಲ್ಲಿಂದಲೇ ಕ್ಯಾಮೆರಾವನ್ನು ಮೆಲ್ಲಗೆ ಎತ್ತಿದೆ. ಗೂಬೆ ಒಳಗೆ ಹೋಗಲಿಲ್ಲ. ಲೆನ್ಸಿನ ತುಂಬ ಎರಡು ಹಳದಿ ಕಣ್ಣು, ಕಣ್ಣ ಮೇಲೆ ಬಿಳಿಯ ಹುಬ್ಬು, ಕೊಕ್ಕಿನ ಅಂಚಿನಲ್ಲಿ ಒಣಗಿದ ಮಣ್ಣು, ಹಣೆಯ ಮೇಲೆ ರಾಗಿ ಕಾಳಿನಷ್ಟು ಸಣ್ಣ ಬಿಳಿ ಚುಕ್ಕಿಗಳು. ಗುಂಡಿ ಒತ್ತಿದೆ. ಸದ್ದಿಗೆ ಅದು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿತು. ಮತ್ತೆ ಒತ್ತಿದೆ. ಅತ್ತೆ ಕೆಳಗೆ ನೋಡುತ್ತಲೇ, “ಬಂತೇನು?” ಎಂದರು. “ಬಂತು” ಎಂದೆ.

ಅದೇ ಗೂಬೆಯನ್ನು ಮನೆಗೆ ಬಂದು ನಾನು ಮದುಮಗಳನ್ನಾಗಿ ಮಾಡಿದ್ದು. ಮೈಮೇಲಿನ ಚುಕ್ಕಿಗಳಿಂದಲೇ ಗುರುತು ಸಿಗುವ ಹಕ್ಕಿಯ ಚುಕ್ಕಿಗಳನ್ನು ಮೊಡವೆಯೆಂದು ಒರೆಸಿದ್ದು.

ಅತ್ತೆಯ ಮಾತಿನ ಮೇಲೆ ಎಲ್ಲವನ್ನೂ ರದ್ದು ಮಾಡಿ ಮೊದಲಿಂದ ಕೂತೆ. ಆ ಫೋಟೊದಲ್ಲೂ ಮುಖ ಪೊಟರೆಯ ಮೇಲಂಚಿನ ನೆರಳಿನಲ್ಲಿತ್ತು, ಸುತ್ತಲಿನ ತೊಗಟೆ ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ವಾರ ಮುಖದ ಮೇಲೇ ಕೆಲಸ ಮಾಡಿ ಕೆಡಿಸಿದೆ. ಆಮೇಲೆ ಬೇಸರ ಬಂದು, ಮುಖವನ್ನು ಮುಟ್ಟದೆ, ತೊಗಟೆಯ ಮೇಲಿನ ಬಿಸಿಲನ್ನು ಒಂದೊಂದೇ ತುಣುಕಾಗಿ ತಗ್ಗಿಸುತ್ತ ಹೋದೆ. ಮರ ಹಿಂದೆ ಸರಿಯಿತು. ಗೂಬೆಯ ಮುಖ ತನ್ನಷ್ಟಕ್ಕೆ ತಾನೇ ಮುಂದೆ ಬಂತು, ಚುಕ್ಕಿ, ಮಣ್ಣು ಎಲ್ಲದರ ಸಮೇತ. ಕಣ್ಣಿಗೆ ಮಾತ್ರ ಇಷ್ಟೇ ಇಷ್ಟು ಬೆಳಕು ಕೊಟ್ಟೆ. ಪರದೆಯಿಂದ ಅದು ನನ್ನನ್ನೇ ನೋಡುತ್ತಿತ್ತು.

ಸ್ಟುಡಿಯೊದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿದಾಗ ಮಾಲೀಕರು ನಗಲಿಲ್ಲ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ನಂತರ ಹೊರಗಿನ ಗಾಜಿನ ಪೆಟ್ಟಿಗೆಯಲ್ಲಿದ್ದ ಮದುಮಕ್ಕಳ ಫೋಟೊ ತೆಗೆದು ಅಲ್ಲಿ ಗೂಬೆಯನ್ನು ನಿಲ್ಲಿಸಿದರು.

ಆ ಸಂಜೆಯೇ ಹೆಂಡತಿಯ ಫೋಟೊ ತೆರೆದೆ. ಮುಖವನ್ನು ಮುಟ್ಟಲಿಲ್ಲ. ಅವಳ ಹಿಂದಿನ ರೈಲ್ವೆ ಗೋಡೆಯ ಬಿಸಿಲನ್ನು ತಗ್ಗಿಸಿದೆ, ಎಲೆಗಳ ಹೊಳಪನ್ನು ತಗ್ಗಿಸಿದೆ, ಸೀರೆಯ ಜರಿಯನ್ನು ತಗ್ಗಿಸಿದೆ. ಅವಸರ ಮಾಡಲಿಲ್ಲ. ಮೊದಲು ಮೂಗಿನ ಅಂಚು ಬಂತು. ಆಮೇಲೆ ನಗು. ಆಮೇಲೆ ಹಣೆಯ ಮೇಲೆ, ಕುಂಕುಮದ ಎಡಕ್ಕೆ, ಆ ಕಲೆಗಳು ಒಂದೊಂದಾಗಿ ಬಂದವು. ಕಂಪ್ಯೂಟರಿನ ಮುಂದೆ ಕೂತು ನಾನು ತಲೆ ವಾಲಿಸಿದೆ, ಅವಳು ವಾಲಿಸಿದಂತೆಯೇ. ಎಷ್ಟೋ ತಿಂಗಳ ಮೇಲೆ ನಕ್ಕೆ.

ತಿಥಿಯ ಹಿಂದಿನ ದಿನ ಕಟ್ಟು ಹಾಕಿಸಿದ ಫೋಟೊವನ್ನು ಅತ್ತೆಯ ಮುಂದೆ ಇಟ್ಟೆ. ಅವರು ಬೆರಳನ್ನು ಗಾಜಿನ ಮೇಲೆ ಹಣೆಯುದ್ದಕ್ಕೂ ಆಡಿಸಿದರು.

“ಅದಾವ” ಎಂದರು. ಸ್ವಲ್ಪ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತರು. ಆಮೇಲೆ ಎದ್ದು ಕುರ್ಚಿಯನ್ನು ತಾವೇ ಎಳೆದು ತಂದು ಗೋಡೆಗೆ ಒತ್ತಿ ಹಿಡಿದರು. ನಾನು ಹತ್ತಿದೆ.

“ಎಡಕ್ಕ. ಇನ್ನಷ್ಟು. ಹಾಂ, ಬಿಡು.”

ಫೋಟೊ ಮೊಳೆಗೆ ಕೂತಿತು.

ಮರುದಿನ ಬಂದ ನೆಂಟರು ಫೋಟೊ ಮುಂದೆ ನಿಂತು, ಅವಳೇ ಎದುರಿಗೆ ಬಂದಂಗಾತು ಎಂದರು. ಅತ್ತೆ ಹೂ ಏರಿಸುತ್ತ ಎಲ್ಲರಿಗೂ ಹೇಳಿದರು, “ನಮ್ಮ ಹುಡುಗ ತಗದಾನ. ಗೂಗಿನೂ ಭಾಳ ಛಲೋ ತಗದಾನ, ಸ್ಟೇಷನ್ ಹಂತ್ಯಾಕ ಇಟ್ಟಾರ, ಹೋಗುವಾಗ ನೋಡಿ ಹೋಗ್ರಿ.”