ಹಸಿರು ಬಣ್ಣದ ಮೂರು ಸ್ಪ್ರಿಂಗು

ನನ್ನ ಸೋದರಮಾವ ನನಗೆ ಅನ್ನ ಹಾಕಿದ, ಕೆಲಸ ಕಲಿಸಿದ, ಕೊನೆಗೆ ನಾಲ್ಕು ಮಂದಿಯ ಮುಂದೆ ನನ್ನ ಮರ್ಯಾದೆ ತೆಗೆದ. ಮೊದಲಿನ ಎರಡನ್ನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಮೂರನೆಯದನ್ನು ನೆನೆದರೆ ಮಾತ್ರ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. "ಹೋಗ್ಲಿ ಬಿಡ್ರಿ, ಸತ್ತವರ ಸುದ್ದಿ ಈಗ್ಯಾಕ" ಅನ್ನುತ್ತಾಳೆ ನನ್ನ ಹೆಂಡತಿ. ಯಾಕೆ ಬಿಡಬೇಕು? ಹೋದದ್ದು ಅವಳ ಹೆಸರಲ್ಲ, ನನ್ನದು.

ಬೆಟಗೇರಿಯಲ್ಲಿ ಮಾವನದೊಂದು ಮೋಟಾರು ರಿಪೇರಿ ಶೆಡ್ಡಿತ್ತು. ಹನ್ನೆರಡನೆಯ ವಯಸ್ಸಿಗೆ ಅಲ್ಲಿಗೆ ಬಂದ ನನಗೆ, ಈ ಹೇಳುವ ಸಂಗತಿ ನಡೆದಾಗ ಇಪ್ಪತ್ತನಾಲ್ಕು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿಗಳನ್ನು ಆಳುತ್ತಿದ್ದ ಸಂಸ್ಥಾನಗಳು ಹೋಗಿ, ದಾರಿಯ ಸುಂಕದ ನಾಕಾಗಳು ಇಲ್ಲವಾಗಿ, ಬಸ್ಸು ಲಾರಿಗಳ ಓಡಾಟ ಹೆಚ್ಚಿತ್ತು. ಕನ್ನಡದವರೆಲ್ಲ ಒಂದೇ ರಾಜ್ಯದಲ್ಲಿರಬೇಕೆಂಬ ಭಾಷಣ ಎಲ್ಲಿ ನಡೆದರೂ ಮಾವ ಶೆಡ್ಡು ಮುಚ್ಚಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದ.

ಮಾವನದೊಂದು ಸ್ವಭಾವವಿತ್ತು. ಏನನ್ನೂ ಒಗೆಯುತ್ತಿರಲಿಲ್ಲ. ಮುರಿದ ಬೋಲ್ಟು, ಸವೆದ ಬೇರಿಂಗು, ಯಾವ ಗಾಡಿಯದೋ ತಿಳಿಯದ ವಾಷರು, ಎಲ್ಲವೂ ಡಬ್ಬಿಗಳಲ್ಲಿರುತ್ತಿದ್ದವು. "ಕಬ್ಬಿಣಾ ಒಗದ್ರ ಅನ್ನಾ ಒಗದಂಗಲೇ" ಎನ್ನುತ್ತಿದ್ದ. ಮಹಾನವಮಿಯ ದಿನ ಆ ಡಬ್ಬಿಗಳನ್ನೆಲ್ಲ ಚೀಲದ ಮೇಲೆ ಸುರಿದು, ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಇಡಬೇಕು. ಒಂದು ನಟ್ಟು ತಪ್ಪಿದರೂ ಅವನಿಗೆ ಸಮಾಧಾನವಿರುತ್ತಿರಲಿಲ್ಲ.

ಗದಗಿನ ಅರಳೆ ಸಾವಕಾರರೊಬ್ಬರ ಹತ್ತಿರ ಹಳೆಯ ಅಮೆರಿಕನ್ ಕಾರಿತ್ತು. ಒಂದು ದಿನ ಅವರು ಉರಿಯುತ್ತಲೇ ಶೆಡ್ಡಿಗೆ ಬಂದರು. ಮುಂಡರಗಿಯ ವ್ಯಾಪಾರಿಯೊಬ್ಬ ತನ್ನ ಹೊಸ ಕಾರಿನಲ್ಲಿ ಇವರನ್ನು ಹಿಂದೆ ಹಾಕಿದ್ದನಂತೆ.

"ನನ್ನ ಟೊಪಗಿ ಮ್ಯಾಲೆ ಧೂಳಾ ಹಾರಿಸಿ ಹೋದ್ನಲೇ ಮಗಾ! ಈ ಗಾಡಿ ಅವನಕಿಂತ ಜೋರ ಓಡಬೇಕು. ಆಗ್ತೈತೇನು?"

ಮಾವ ತಲೆ ಕೆರೆದುಕೊಂಡ. ನಾನು ಮುಂದೆ ಬಂದು, "ಆಗ್ತೈತ್ರಿ ಸಾವಕಾರ್ರ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮಾಡಿ ತೋರಸು ತಮ್ಮಾ. ಲಕ್ಷ್ಮೇಶ್ವರದಾಗ ನಾ ಒಂದು ಮೋಟಾರ ಶೆಡ್ಡ ಹಾಕಾಂವದೀನಿ. ಗೆದ್ದು ಬಂದ್ರ ಅಲ್ಲಿ ನೀನ ಹೆಡ್ ಮೇಸ್ತ್ರಿ."

ಆವತ್ತಿನಿಂದ ನನ್ನ ತಲೆಯೊಳಗೆ ಲಕ್ಷ್ಮೇಶ್ವರ ಬಿಟ್ಟರೆ ಬೇರೆ ಊರೇ ಇರಲಿಲ್ಲ. ಎರಡು ತಿಂಗಳು ಆ ಕಾರಿನ ಕೆಳಗೇ ಮಲಗಿದೆ. ಎಂಜಿನ್ನಿನ ತಲೆ ಕೆತ್ತಿಸಿದೆ, ಮಿಲಿಟರಿಯವರು ಹರಾಜಿಗೆ ಹಾಕಿದ ಸಾಮಾನಿನಲ್ಲಿ ಎರಡು ಕಾರ್ಬೊರೇಟರ್ ಹುಡುಕಿ ಕೂರಿಸಿದೆ, ಹೊಗೆ ಕೊಳವೆ ಅಗಲ ಮಾಡಿದೆ. ಸ್ಟಾರ್ಟು ಮಾಡಿದರೆ ತಗಡು ನಡುಗುತ್ತಿತ್ತು.

ಆದರೆ ನನಗೆ ಭಯವಿದ್ದದ್ದು ಎಂಜಿನ್ನಿನದಲ್ಲ, ಕ್ಲಚ್ಚಿನದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಂಜಿನ್ನು ಎಷ್ಟೇ ಜೋರು ಮಾಡಲಿ, ಆ ಜೋರು ಗಾಲಿಗೆ ಮುಟ್ಟುವುದು ಕ್ಲಚ್ಚಿನ ಮೂಲಕವೇ. ಒಳಗೊಂದು ತಟ್ಟೆ, ಅದನ್ನು ಸುತ್ತಲೂ ಅದುಮಿ ಹಿಡಿಯಲು ಒಂಬತ್ತು ಸ್ಪ್ರಿಂಗು. ಅದುಮುವುದು ಕಡಿಮೆಯಾದರೆ ತಟ್ಟೆ ಜಾರಿ ಕಾಯುತ್ತದೆ, ಕಾದರೆ ಸುಟ್ಟು ಹೋಗುತ್ತದೆ. ಎಂಜಿನ್ನಿನ ಬಲ ಹೆಚ್ಚಿಸಿ ಕ್ಲಚ್ಚನ್ನು ಹಾಗೇ ಬಿಡುವವನು ಮೇಸ್ತ್ರಿಯೇ ಅಲ್ಲ. ಅದಕ್ಕೇ ಹಳೆಯ ಒಂಬತ್ತು ಸ್ಪ್ರಿಂಗು ತೆಗೆದು, ಮಿಲಿಟರಿ ಲಾರಿಯ ಬಿರುಸಾದ ಒಂಬತ್ತು ಹಾಕಿದೆ. ಅವಕ್ಕೆ ದಪ್ಪಗೆ ಹಸಿರು ಬಣ್ಣ ಬಳಿದಿದ್ದರು. ತಟ್ಟೆಗೆ ಹೊಸ ಲೈನಿಂಗು ಕೂರಿಸಿ ರಿವೆಟ್ಟು ಹೊಡೆದೆ. ಆಮೇಲೆ ಹ್ಯಾಂಡ್‌ಬ್ರೇಕು ಎಳೆದು, ಟಾಪ್ ಗೇರಿಗೆ ಹಾಕಿ, ಪೆಡಲು ಬಿಟ್ಟೆ. ಎಂಜಿನ್ನು ಗಪ್ಪನೆ ನಿಂತಿತು. ಹಿಡಿತ ಗಟ್ಟಿಯಿದೆಯೆಂಬುದಕ್ಕೆ ಅದೇ ಪರೀಕ್ಷೆ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಸಾವಕಾರರಿಗೆ ಮಾತ್ರ ಆಗಲಿಲ್ಲ. ಸ್ಪ್ರಿಂಗು ಬಿರುಸಾದರೆ ಪೆಡಲೂ ಬಿರುಸು. ಅವರಿಗೆ ಎಡ ಮೊಣಕಾಲು ನೋವು, ಡ್ರೈವರನಿಗೆ ಸ್ಟೇರಿಂಗು ಕೊಡಲು ಮನಸ್ಸಿಲ್ಲ. "ಪೆಡ್ಲ ತುಳೀತೀನೋ, ಗಾಣಾ ತುಳೀತೀನೋ? ಇದನ್ನ ಹಗುರ ಮಾಡ್ರಿ" ಎಂದರು.

"ಹಗುರ ಮಾಡಿದ್ರ ಸುಡ್ತೈತ್ರಿ" ಎಂದೆ ನಾನು. ಮಾವ ಅವರನ್ನು ಬೀಳ್ಕೊಡಲು ಬಾಗಿಲ ತನಕ ಹೋಗಿ ಬಂದ.

ಮರುದಿನ ನಾನು ಅಕ್ಕನ ಊರು ಅಂತೂರ ಬೆಂತೂರಕ್ಕೆ ಹೋದೆ. ಅಕ್ಕನ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ಎರಡು ದಿನ ಬಿಟ್ಟು ಬಂದು ಕಾರಿನಲ್ಲಿ ಕುಳಿತು ಪೆಡಲು ತುಳಿದರೆ ಬೆಣ್ಣೆಯ ಹಾಗೆ ಇಳಿಯಿತು.

"ಮಾಮಾ, ಇದೇನ ಮಾಡಿದಿ?"

"ಪೆಡ್ಲಿನ ಪಿನ್ನಿಗೆ ಜಂಗ ಹಿಡದಿತ್ತೋ. ಬಿಚ್ಚಿ ಗ್ರೀಸ ಹಚ್ಚೀನಿ. ಸಾವಕಾರ್ರು ಖುಷ್ ಆಗ್ಯಾರ."

ನಂಬಿದೆ. ಮತ್ತೊಮ್ಮೆ ಟಾಪ್ ಗೇರಿಗೆ ಹಾಕಿ ನೋಡಬೇಕಿತ್ತು. ಅರ್ಧ ನಿಮಿಷದ ಕೆಲಸ. ಮಾವ ಎದುರಿಗೇ ನಿಂತಿದ್ದ. ಅವನು ಮುಟ್ಟಿದ ಕೆಲಸವನ್ನು ಅವನ ಕಣ್ಣ ಮುಂದೆ ಪರೀಕ್ಷೆ ಮಾಡುವುದೆಂದರೆ ಅವನ ಮುಖಕ್ಕೆ ಹೊಡೆದ ಹಾಗೆ ಎಂದು ನಾಚಿಕೊಂಡೆ. ನನ್ನ ನಾಚಿಕೆಗಿಷ್ಟು ಬೆಂಕಿ ಹಾಕ!

ಪಂದ್ಯ ಕೊರ್ಲಹಳ್ಳಿಯ ಹೊಳೆ ದಂಡೆಯಿಂದ ಗದಗಿನವರೆಗೆ. ಸಾವಕಾರರು ಸ್ಟೇರಿಂಗಿಗೆ, ನಾನು ಪಕ್ಕದಲ್ಲಿ. ಮುಂಡರಗಿ ದಾಟುವಾಗ ಎದುರಾಳಿಯ ಕಾರು ಹಿಂದೆ ಧೂಳಿನಲ್ಲಿ ಕಾಣದಷ್ಟು ದೂರವಿತ್ತು. "ಲಕ್ಷ್ಮೇಶ್ವರಕ್ಕ ಗಂಟು ಕಟ್ಟಲೇ ತಮ್ಮಾ!" ಎಂದು ಸಾವಕಾರರು ನನ್ನ ತೊಡೆಗೆ ಹೊಡೆದರು. ಡಂಬಳ ದಾಟಿ ಏರು ಹತ್ತಿತು. ಅಲ್ಲಿ ಎಂಜಿನ್ನು ಒಮ್ಮೆಲೇ ಕಿರುಚಿತು. ಸದ್ದು ಏರುತ್ತಿದೆ, ಕಾರು ನಿಧಾನವಾಗುತ್ತಿದೆ. ಆಮೇಲೆ ಆ ವಾಸನೆ. ಅದು ನನ್ನ ಲೈನಿಂಗು ಸುಡುವ ವಾಸನೆಯೆಂದು ನನ್ನ ಮೂಗಿಗೆ ಗೊತ್ತಾಯಿತು, ಮನಸ್ಸು ಒಪ್ಪಲಿಲ್ಲ. ಕಾಲ ಬುಡದಿಂದ ಹೊಗೆ ಬಂತು, ಕಾರು ನಿಂತಿತು. ಎದುರಾಳಿ ಹಾರ್ನು ಬಾರಿಸುತ್ತ ಪಕ್ಕದಲ್ಲೇ ಹೋದ.

ಹೊಲದಲ್ಲಿದ್ದವರ ಎರಡು ಜೋಡಿ ಎತ್ತು ಹೂಡಿ ಕಾರನ್ನು ಗದಗಿಗೆ ಎಳೆಸಿಕೊಂಡು ಬಂದೆವು. ಹೊತ್ತು ಇಳಿದಿತ್ತು. ಪೇಟೆಯವರೆಲ್ಲ ಅಂಗಡಿ ಬಿಟ್ಟು ನೋಡಲು ನಿಂತಿದ್ದರು. ಮಾವನೂ ನಿಂತಿದ್ದ.

"ಈ ಕ್ಲಚ್ಚ ಕೂಡಿಸಿದಾಂವ ಯಾಂವ?" ಎಂದು ಸಾವಕಾರರು ಚೀರಿದರು.

ಮಾವ ನನ್ನ ಕಡೆ ನೋಡಲಿಲ್ಲ. "ಇವನ ರೀ. ಅದರಾಗ ನಾ ಕೈ ಹಾಕಿಲ್ಲ" ಎಂದ.

ಆಗ ನನಗೆ ಸಿಟ್ಟು ಬರಲಿಲ್ಲ. ಹೌದಲ್ಲ, ಪೆಡಲಿನ ಪಿನ್ನಿಗೆ ಗ್ರೀಸು ಹಚ್ಚಿದ್ದು ಬಿಟ್ಟರೆ ಖರೆ ಮಾತೇ ಅಲ್ಲವೇ ಅಂದುಕೊಂಡೆ. "ನೀ ಇನ್ನ ಆ ಗಾಡಿ ಹತ್ರ ಸುಳೀಬ್ಯಾಡ. ಸಾವಕಾರ್ರು ಕೆಂಡ ಆಗ್ಯಾರ" ಎಂದು ಹೇಳಿ ಮಾವನೇ ಕ್ಲಚ್ಚು ಬಿಚ್ಚಿದ, ಹಳೆಯ ಸ್ಪ್ರಿಂಗು ಹಾಕಿ ಕಾರನ್ನು ಮೊದಲಿನಂತೆ ಮಾಡಿಕೊಟ್ಟ. ನನಗೆ ಕರಕಲಾದ ತಟ್ಟೆಯನ್ನಷ್ಟೇ ತೋರಿಸಿದ. ಐದಾರು ತಿಂಗಳು ನಾನು ನನ್ನ ಕೈಗಳನ್ನೇ ಬೈದುಕೊಂಡೆ. ರಿವೆಟ್ಟು ತಪ್ಪಿತೇ, ಲೈನಿಂಗಿಗೆ ಎಣ್ಣೆ ತಗುಲಿತ್ತೇ ಎಂದು ಊಟದ ತಟ್ಟೆಯ ಮುಂದೆ ಕುಳಿತೂ ಅದೇ ಯೋಚನೆ. ಶಿರಹಟ್ಟಿ ಬಸ್ಸಿನ ಡ್ರೈವರ್ ಕೂಡ "ಏನಪಾ ಸುಟ್ಟ ಮೇಸ್ತ್ರಿ, ಆರಾಮೇನು?" ಅನ್ನುತ್ತಿದ್ದ. ನಾನು ನಕ್ಕು ಮುಂದೆ ಹೋಗುತ್ತಿದ್ದೆ.

ಮಹಾನವಮಿ ಬಂತು. ಮಾವ ವಿಭೂತಿ, ಕುಂಕುಮ, ಚೆಂಡುಹೂ ತರಲು ಪೇಟೆಗೆ ಹೋದ. ಡಬ್ಬಿ ಸುರಿದು ತೊಳೆಯುವುದು ಪ್ರತಿವರ್ಷ ನನ್ನ ಕೆಲಸ, ಆದರೆ ಆ ವರ್ಷ ನಾನು ಬರುವಷ್ಟರಲ್ಲಿ ಮಾವನೇ ಎಲ್ಲವನ್ನೂ ತೊಳೆದು ಚೀಲದ ಮೇಲೆ ಸಾಲಾಗಿಟ್ಟಿದ್ದ. ಸ್ಪ್ಯಾನರುಗಳ ಹಿಂದೆ ಆರು ಸ್ಪ್ರಿಂಗು ಇದ್ದವು. ಬೆಂಕಿ ತಿಂದು ಕಪ್ಪಾಗಿದ್ದವು, ಬಣ್ಣದ ಗುರುತೂ ಇರಲಿಲ್ಲ. ಅವುಗಳ ಪಕ್ಕದಲ್ಲೇ ಇನ್ನೂ ಮೂರು. ಅವು ಹಚ್ಚ ಹಸಿರಾಗಿದ್ದವು.

ಒಂಬತ್ತೂ ಒಂದೇ ಕ್ಲಚ್ಚಿನಲ್ಲಿದ್ದರೆ ಒಂಬತ್ತೂ ಸುಡಬೇಕಿತ್ತು. ಈ ಮೂರು ಬೆಂಕಿಯನ್ನೇ ಕಂಡಿರಲಿಲ್ಲ. ಪಂದ್ಯದ ದಿನ ಇವು ಕಾರಿನಲ್ಲೇ ಇರಲಿಲ್ಲ. ಗ್ರೀಸಂತೆ ಗ್ರೀಸು! ನಾನು ತೊಟ್ಟಿಲಿಗೆ ಹೋದ ಎರಡು ದಿನದಲ್ಲಿ ಗೇರುಬಾಕ್ಸು ಇಳಿಸಿ, ಎರಡು ಬಿಟ್ಟು ಒಂದರಂತೆ ಮೂರು ಸ್ಪ್ರಿಂಗು ತೆಗೆದಿದ್ದ. ಪುಣ್ಯಾತ್ಮ ಅವನ್ನು ಯಾವುದಾದರೂ ಬಾವಿಗೆ ಹಾಕಬಹುದಿತ್ತು. ಒಗೆಯಲು ಮನಸ್ಸು ಬಂದಿಲ್ಲ, ಪೂಜೆ ತಪ್ಪಿಸಲು ಧೈರ್ಯ ಬಂದಿಲ್ಲ.

ಮಾವ ಹೂ ಹಿಡಿದು ಬಂದಾಗ ಆ ಮೂರನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅವನು ಹೂ ಕೆಳಗಿಟ್ಟ.

"ಸಾವಕಾರ್ರು ಹಗುರ ಮಾಡು ಅಂದ್ರು. ಒಲ್ಲೆ ಅನ್ನಾಕ ಬಾಯಿ ಬರಲಿಲ್ಲೋ."

"ಅದು ಹೋಗ್ಲಿ. ನಾ ಮುಟ್ಟಿಲ್ಲ ಅಂತ ಮಂದಿ ಮುಂದ ಯಾಕ ಅಂದಿ?"

"ನೀ ಇನ್ನೂ ಸಣ್ಣಾಂವ. ನಿಂದು ಮಂದಿ ಮರೀತಾರ. ನನ್ನ ಹೆಸರ ಹೋದ್ರ ಮತ್ತ ಬರ್ತೈತೇನು?" ಎಂದು ಕುಂಕುಮದ ಪೊಟ್ಟಣ ಬಿಚ್ಚತೊಡಗಿದ. "ಹಬ್ಬದ ದಿನಾ ನಿಮ್ಮತ್ತಿ ಮುಂದ ಈ ಮಾತ ತಗೀಬ್ಯಾಡ."

ನಾನು ಪೂಜೆಗೆ ನಿಲ್ಲಲಿಲ್ಲ. ಮೂರೂ ಸ್ಪ್ರಿಂಗನ್ನು ಕಿಸೆಗೆ ಹಾಕಿಕೊಂಡು ನೇರ ಸಾವಕಾರರ ಮನೆಗೆ ಹೋದೆ. ಲಕ್ಷ್ಮೇಶ್ವರದ ಶೆಡ್ಡಿಗೆ ತಗಡು ಹೊದಿಸಿದ್ದಾರೆಂದು ಕೇಳಿದ್ದೆ. ನಿಜ ತಿಳಿದರೆ ಇನ್ನೂ ಹೊತ್ತು ಮೀರಿಲ್ಲ ಎಂಬ ಆಸೆ.

ಸಾವಕಾರರು ಎಲ್ಲ ಕೇಳಿದರು. ಒಂದು ಸ್ಪ್ರಿಂಗು ಎತ್ತಿಕೊಂಡು ಹೆಬ್ಬೆರಳಿನಿಂದ ಅದುಮಿ ನೋಡಿದರು. ಸಿಟ್ಟಾಗಲಿಲ್ಲ. ಮುಖ ಸಣ್ಣದಾಯಿತು.

"ತಮ್ಮಾ, ನಿಮ್ಮ ಮಾವ ಬಂದು ಕಣ್ಣಾಗ ನೀರ ತಂದ. ಹುಡುಗನ ಹೊಟ್ಟಿಮ್ಯಾಲೆ ಹೊಡೀಬ್ಯಾಡ್ರಿ, ಅವನ ತಪ್ಪಿಗೆ ನಾ ಜವಾಬ್ದಾರಿ, ಲಕ್ಷ್ಮೇಶ್ವರದ ಶೆಡ್ಡಿನ ಕೆಲಸಾ ನಾನ ಸಂಭಾಳಸ್ತೀನಿ ಅಂದ. ನಾ ಹೂಂ ಅಂದು ಮಾತ ಕೊಟ್ಟೀನಿ. ದಸರಾ ಆದಮ್ಯಾಲೆ ಅಲ್ಲಿ ಅವನ ಮೇಸ್ತ್ರಿ. ನಿನಗ ಹೇಳಿಲ್ಲೇನು?"

ಅವರ ಕಟ್ಟೆ ಇಳಿದು ಬೆಟಗೇರಿಗೆ ಹೇಗೆ ನಡೆದು ಬಂದೆನೋ ನನಗೆ ನೆನಪಿಲ್ಲ.

ಮರುದಿನ ವಿಜಯದಶಮಿ, ಸಂಜೆ ಬನ್ನಿ ಎಲೆ ಕೊಡುವ ಹೊತ್ತು. ಸಣ್ಣವರು ಹಿರಿಯರ ಮನೆಗೆ ಹೋಗಿ ಬನ್ನಿ ಕೊಟ್ಟು ಕಾಲು ಮುಟ್ಟುವುದು ನಮ್ಮಲ್ಲಿ ನಡೆದು ಬಂದದ್ದು. ಎಂಥ ಜಗಳವಿದ್ದರೂ ಆ ಹೊತ್ತಿಗೆ ಬಿಡಬೇಕು. ನಾನು ಹೋಗಲಿಲ್ಲ. ಕತ್ತಲಾಗುವ ಮುಂಚೆ ಮಾವನೇ ಹೊಸ ರುಮಾಲು ಸುತ್ತಿಕೊಂಡು ನನ್ನ ಕೋಣೆಗೆ ಬಂದ. ಎಲೆ ಹಿಡಿದ ಕೈ ಮುಂದೆ ಚಾಚಿದ.

"ಬನ್ನಿ ತಗೋಪಾ. ಬಂಗಾರದಂಗ ಇರೋಣು."

ಅವನು ತಾನಾಗಿ ಹೇಳುತ್ತಾನೇನೋ ಎಂದು ಅವನ ಮುಖ ನೋಡುತ್ತ ನಿಂತೆ. ಹೇಳಿದ್ದರೆ ಆ ಎಲೆ ತೆಗೆದುಕೊಳ್ಳುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಹೇಳಲಿಲ್ಲ. ನಾನೇ ಕೇಳಿದೆ.

"ಮಾಮಾ, ಲಕ್ಷ್ಮೇಶ್ವರಕ್ಕ ಯಾವಾಗ ಹೊಂಟಿ?"

ಚಾಚಿದ ಕೈ ಹಾಗೇ ಇತ್ತು. ಅವನು ಬಾಗಿಲ ಕಡೆ ನೋಡಿದ.

"ನಾಳೆ" ಎಂದ.