ಗದ್ದಕ್ಕ ನಕ್ಕಿದ್ದ ಫೋಟೊ

ಗದ್ದಕ್ಕ ತೀರಿಹೋಗಿ ಇನ್ನೂ ತಿಂಗಳು ತುಂಬಿಲ್ಲ. ಮೊನ್ನೆ ಅವಳ ಮಗಳು ಫೋನ್ ಮಾಡಿದ್ದಳು. "ಆಂಟಿ, ಗೋಡೆಗೆ ಹಾಕೋಕೆ ಅಮ್ಮಂದು ಒಂದು ಒಳ್ಳೇ ಫೋಟೊ ಬೇಕು. ಊರಿನವರ ಮುಖ ಎಲ್ಲ ತೆಗೆದ್ಳು, ತನ್ನದು ಮಾತ್ರ ಒಂದೂ ಇಲ್ಲ ಮನೇಲಿ." ತಂದುಕೊಡುತ್ತೇನೆ ಎಂದೆ. ಎಲ್ಲಿದೆಯೆಂದು ನನಗೆ ಗೊತ್ತಿತ್ತು.

ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ಮುಖದ ಸುಕ್ಕು, ಜೋಲುಚರ್ಮ ಸರಿಪಡಿಸುವ ಆಸ್ಪತ್ರೆಯಲ್ಲಿ. ನಾನು ಬಾಗಿಲ ಬಳಿಯ ಮೇಜಿನಲ್ಲಿ, ಅವಳು ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ. ಚಿಕಿತ್ಸೆಗೆ ಮುಂಚೆ ಒಂದು ಫೋಟೊ, ಆಮೇಲೆ ಒಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಬದಲಾಗಿದೆಯೆಂದು ಡಾಕ್ಟರು ಅಳೆಯುತ್ತಿದ್ದರು. ಹಾಗಾಗಿ ಬೆಳಕು, ದೂರ, ತಲೆಯ ಓರೆ ಎರಡರಲ್ಲೂ ಒಂದೇ ಇರಬೇಕು. ಗದ್ದ ತುಸು ಮೇಲೆದ್ದರೆ ಕತ್ತು ಬಿಗಿಯಾಗಿ ಕಾಣುತ್ತದೆ, ನಕ್ಕರೆ ಕೆನ್ನೆ ಏರುತ್ತದೆ; ಚಿಕಿತ್ಸೆಯೇ ಇಲ್ಲದೆ ವಯಸ್ಸು ಇಳಿದುಬಿಡುತ್ತದೆ. "ಗದ್ದ ಕೆಳಗೆ, ತುಟಿ ಸುಮ್ನೆ" ಎಂದು ದಿನವಿಡೀ ಹೇಳಿ ಹೇಳಿ ಅವಳಿಗೆ ಆ ಹೆಸರು ಬಂದದ್ದು. ಬೆಳಿಗ್ಗೆ ಬಂದವಳೇ ತಾನೇ ಆ ಕುರ್ಚಿಯಲ್ಲಿ ಕೂತು, ದೀಪ ಸರಿಯಿದೆಯೇ ನೋಡಲು ತನ್ನದೊಂದು ಫೋಟೊ ತೆಗೆದುಕೊಳ್ಳುತ್ತಿದ್ದಳು. ಕಲ್ಲಿನಂಥ ಮುಖ. "ನಿನ್ನೆಗಿಂತ ಒಂದು ದಿನ ಮುದುಕಿ ಆಗಿದೀನಿ ಕಣೇ, ದೀಪ ಸರಿಯಾಗಿದೆ" ಎನ್ನುತ್ತಿದ್ದಳು. ಅವಳು ತೆಗೆದ ಫೋಟೊವನ್ನು ಯಾರೂ ಅನುಮಾನಿಸುತ್ತಿರಲಿಲ್ಲ.

ಒಮ್ಮೆ ಒಬ್ಬ ಟೀಚರಮ್ಮ ಕತ್ತು, ದವಡೆಯ ಚರ್ಮ ಬಿಗಿ ಮಾಡಿಸಿಕೊಂಡು, ಗಾಯವೆಲ್ಲ ಮಾಗಿದ ಮೇಲೆ ಬಂದರು. ಎರಡೂ ಫೋಟೊ ಪಕ್ಕಪಕ್ಕ ಇಟ್ಟರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅವರ ಕಣ್ಣು ತುಂಬಿತು. "ಎಲ್ರ ಕೈಲೂ ಅನ್ನಿಸ್ಕೊಂಡು ಮಾಡಿಸ್ಕೊಂಡೆ ಡಾಕ್ಟ್ರೇ. ಇನ್ನೊಂದ್ಸಲ ಮಾಡ್ಬಿಡಿ." ಡಾಕ್ಟರು ಅರೆಮನಸ್ಸಿನಿಂದ ಒಪ್ಪಿ ಆಪರೇಷನ್ನಿಗೆ ದಿನ ಗೊತ್ತುಮಾಡಿದರು.

ಆವತ್ತು ಗದ್ದಕ್ಕ ಊಟಕ್ಕೆ ಬರಲಿಲ್ಲ. ಹೋಗಿ ನೋಡಿದರೆ ಟೀಚರಮ್ಮನ ಮೊದಲ ಫೋಟೊ ಎದುರಿಗಿಟ್ಟುಕೊಂಡು ಕೂತಿದ್ದಳು.

"ಕಿವಿ ನೋಡು, ಕಣ್ಣಿಗಿಂತ ಎಷ್ಟು ಕೆಳಗಿದೆ. ಗದ್ದ ಮೇಲಿದೆ ಕಣೇ."

"ನೀನು ತೆಗೆದ ಫೋಟೊದಲ್ಲಾ?"

"ನಾನೇ. ಅವತ್ತು ತಲೆ ತಗ್ಗಿಸ್ಕೊಂಡು ಕೂತಿದ್ರು ಪಾಪ. ‘ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಈ ಶೃಂಗಾರ’ ಅಂದಿದ್ರಂತೆ ಅವರತ್ತೆ. ಕರುಳು ಚುರ್ ಅಂತು. ‘ತಲೆ ಎತ್ತಮ್ಮ, ಕ್ಯಾಮೆರಾ ಏನು ನಿಮ್ಮತ್ತೆನಾ?’ ಅಂದೆ. ನಕ್ರು. ಆ ಮುಖ ಎಷ್ಟು ಚೆನ್ನಾಗಿತ್ತು ಅಂದ್ರೆ, ಒತ್ತಿಬಿಟ್ಟೆ."

"ಡಾಕ್ಟ್ರು ಉಗೀತಾರಲ್ಲೇ."

"ಉಗುಳಿದ್ರೆ ಒರೆಸ್ಕೋಬಹುದು. ಸುಮ್ಸುಮ್ನೆ ಕೊಯ್ಸಿಕೊಂಡ ಕತ್ತು ಒರೆಸಿದ್ರೆ ಹೋಗುತ್ತಾ?"

ಮುಂಚಿನ ಮುಖ ಇನ್ನು ಸಿಗುವುದಿಲ್ಲ. ಆದ್ದರಿಂದ ಈಗಿನ ಮುಖವನ್ನೇ ಆ ತಪ್ಪಿಗೆ ಹೊಂದಿಸಬೇಕು: ಅಷ್ಟೇ ಎತ್ತಿದ ಗದ್ದ, ಅಷ್ಟೇ ನಗು. ಹದ ನೋಡಲು ಮೊದಲು ತಾನೇ ಕುರ್ಚಿಯಲ್ಲಿ ಕೂತು ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟಳು. "ಆ ಕ್ಯಾಮೆರಾ-ಅತ್ತೆ ಮಾತು ಹೇಳೇ, ನಗು ಬರ್ಲಿ." ಸಾಧ್ಯವಾದಷ್ಟು ಗಂಭೀರವಾಗಿ ಹೇಳಿದೆ. ಅವಳು ಗದ್ದ ಎತ್ತಿ ನಕ್ಕಳು. ಒತ್ತಿದೆ.

ಆಮೇಲೆ ಡಾಕ್ಟರ ಕೋಣೆಗೆ ಹೋಗಿ, ಸುತ್ತಿ ಬಳಸದೆ, ತಪ್ಪು ತನ್ನದೆಂದಳು. "ನೀವಾ? ನಿಮ್ಮನ್ನ ನಂಬಿ ಚಾಕು ಹಿಡೀತಿದ್ದೆನಲ್ರೀ!" ಎಂದು ಅವರು ರೇಗಿದ್ದು ನನ್ನ ಮೇಜಿನವರೆಗೂ ಕೇಳಿಸಿತು. ರೇಗಿದವರೇ ಟೀಚರಮ್ಮನಿಗೆ ಹೇಳಿಕಳಿಸಿದರು.

ಟೀಚರಮ್ಮ ಕುರ್ಚಿಯಲ್ಲಿ ಕೂತಾಗ ಗದ್ದಕ್ಕ ಅದೇ ಮಾತು ಹೇಳಿದಳು.

"ಅಯ್ಯೋ, ಸೊಸೆ ಬಂದು ಈಗ ನಾನೇ ಅತ್ತೆ ಆಗಿದೀನಮ್ಮ!" ಎಂದು ಅವರು ಬಿದ್ದು ಬಿದ್ದು ನಕ್ಕರು.

"ಇಷ್ಟು ನಕ್ರೆ ಹೇಗ್ರೀ, ಸ್ವಲ್ಪ ಇಳಿಸಿ." ನಗು ಇಳಿಯುತ್ತ ಇಳಿಯುತ್ತ ಹಳೆಯ ಫೋಟೊದಷ್ಟೇ ಉಳಿದಾಗ ಗದ್ದಕ್ಕ ಒತ್ತಿದಳು. ಎರಡನ್ನೂ ಪಕ್ಕಪಕ್ಕ ಇಟ್ಟರು. ದವಡೆಯ ಕೆಳಗಿನ ಜೋಲು ಹೋಗಿ ಗೆರೆ ಸ್ಪಷ್ಟವಾಗಿತ್ತು. ಟೀಚರಮ್ಮ ತುಂಬ ಹೊತ್ತು ನೋಡಿದರು, ತಮ್ಮ ಕತ್ತನ್ನು ಮುಟ್ಟಿ ನೋಡಿಕೊಂಡರು. ಎರಡನೆಯ ಆಪರೇಷನ್ ನಿಂತಿತು.

ಮರುದಿನ ಬೆಳಿಗ್ಗೆ ಗದ್ದಕ್ಕ ಮತ್ತೆ ಕಲ್ಲುಮುಖ ಹಾಕಿಕೊಂಡು ದೀಪ ಪರೀಕ್ಷಿಸಿದಳು. ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ಕಡೆಯ ಫೋಟೊಗಳಲ್ಲಿ ಕೆನ್ನೆ ಒಳಗೆ ಹೋಗಿದೆ. ಬೆಳಕು ಮಾತ್ರ ಕೂದಲೆಳೆಯಷ್ಟೂ ಆಚೀಚೆಯಾಗಿಲ್ಲ. ಅವನ್ನು ಪೂರ್ತಿ ನೋಡಲು ನನ್ನಿಂದ ಆಗಲಿಲ್ಲ. ನಾನು ತೆಗೆದಿದ್ದ ಆ ಒಂದನ್ನು ಹುಡುಕಿ, ಕಟ್ಟು ಹಾಕಿಸಿ ಮಗಳಿಗೆ ಕೊಟ್ಟೆ.

ಅವಳು ಅಮ್ಮನ ಮಗಳೇ. ಕಣ್ಣೊರೆಸಿಕೊಂಡು ಮೊದಲು ಹೇಳಿದ್ದು, "ಆಂಟಿ, ಗದ್ದ ಮೇಲಿದೆಯಲ್ಲ."

"ಇರ್ಲಿ ಬಿಡಮ್ಮ," ಎಂದೆ. "ಇದನ್ನ ಯಾರೂ ಅಳೆಯಲ್ಲ."