ಸತ್ತ ಮರದ ಹೂವು

ನನ್ನ ಮನೆ ಮುಂದಿನ ಬೇವಿನ ಮರ ಸತ್ತುಹೋಗಿದೆ ಎಂದು ಅರ್ಜಿ ಬರೆದ ಎದುರುಮನೆಯವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಆ ಅವಸರವೂ ನನಗಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ತಪ್ಪು ಉತ್ತರ ಬರೆದ ಮಕ್ಕಳನ್ನು ಮರೆತುಬಿಟ್ಟಿದ್ದೇನೆ, ಗೊತ್ತಿಲ್ಲದಿದ್ದರೂ ಗೊತ್ತಿರುವ ಹಾಗೆ ಬರೆದವರು ಮಾತ್ರ ಇವತ್ತಿಗೂ ನೆನಪಿದ್ದಾರೆ.

ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ ಉಳಿದಿರುವುದು ಅದೊಂದೇ ಬೇವು. ನೆಟ್ಟವರು ನನ್ನ ಅತ್ತೆ. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬುದರಿಂದ ಹಿಡಿದು ಯಾವ ವಿಷಯದಲ್ಲೂ ನಮ್ಮಿಬ್ಬರಿಗೆ ಸರಿಬರುತ್ತಿರಲಿಲ್ಲ. ಅವರು ಹೋದ ಮೇಲೆ ಜಗಳವಾಡಲು ಯಾರೂ ಇಲ್ಲದೆ ಮರವನ್ನೇ ಹಚ್ಚಿಕೊಂಡೆ. ಯುಗಾದಿಯ ಹಿಂದಿನ ದಿನ ಇಡೀ ಬೀದಿ ನಮ್ಮ ಗೇಟಿಗೆ ಬರುತ್ತಿತ್ತು. ನಾನು ದೋಟಿ ಹಿಡಿದು ಗೊಂಚಲು ಗೊಂಚಲಾಗಿ ಹೂ ಕೆಡವುತ್ತಿದ್ದೆ, ಅವರು ಸೆರಗಿನಲ್ಲೋ ಚೀಲದಲ್ಲೋ ತುಂಬಿಕೊಂಡು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಯಾರೂ ತಲೆಯೆತ್ತಿ ಆ ಮರ ನೋಡಿದವರಲ್ಲ.

ಎದುರುಮನೆಯವರು ತಮ್ಮ ಕಾರ್ ಶೆಡ್ಡನ್ನು ಅಂಗಡಿಗೆ ಬಾಡಿಗೆಗೆ ಕೊಟ್ಟು ಕಾರನ್ನು ನನ್ನ ಮರದ ಕೆಳಗೆ ನಿಲ್ಲಿಸುತ್ತಾರೆ. ಅವರಿಗೆ ನೆರಳು ಬೇಕು. ಹೂವು, ಎಲೆ, ಕಾಗೆ ಬೇಡ. ದಿನಾ ಬೆಳಿಗ್ಗೆ ಕಾರು ಒರೆಸುತ್ತ ಮರಕ್ಕೆ ಕೇಳಿಸುವಂತೆ ಬೈಯುತ್ತಿದ್ದರು.

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿಯ ಎಳ್ಳುಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ, ಆಗಲೇ ಏಪ್ರಿಲ್ ತಿಂಗಳ ಬಿಸಿಲು. ಮರ ಗಡಿಬಿಡಿಯಲ್ಲಿ ಎಲೆ ಉದುರಿಸಿ, ಚಿಗುರಿ, ಫೆಬ್ರವರಿ ನಡುವಿಗೇ ಮೈತುಂಬ ಹೂ ಬಿಟ್ಟಿತು. ಉಲ್ಲಾಳದಿಂದ ಬಸ್ಸಿನಲ್ಲಿ ಸೊಪ್ಪು ತರುವ ಹೆಂಗಸು ಬುಟ್ಟಿ ಇಳಿಸಿ ಮರದ ಕಡೆ ನೋಡಿದಳು.

"ಈಗ್ಲೇ ಕಿತ್ತಿಟ್ಕಳಿ ಅಮ್ಮ. ನಮ್ ಮಾವಿನ್ ಹೂವೆಲ್ಲ ಆಗ್ಲೇ ಕಪ್ಪಗಾಗೋಯ್ತು. ಇಂಥ ಬಿಸ್ಲು ಬಂದ್ರೆ ಹಿಂದೇನೇ ಮಳೆ ಹೊಡೀತದೆ, ಹಬ್ಬದ್ ಗಂಟ ಏನೂ ಉಳಿಯಾಕಿಲ್ಲ."

ಅವಳ ಮಾತು ಕೇಳಿ ಹೂ ಕಿತ್ತು, ಹಳೇ ಪಂಚೆಯ ಮೇಲೆ ಹರಡಿ, ನೆರಳಿನಲ್ಲಿ ಒಣಗಿಸಿ ಒಂದು ಗಾಜಿನ ಸೀಸೆಗೆ ತುಂಬಿಟ್ಟೆ. ಮಾರ್ಚ್ ಮೊದಲ ವಾರ ಮಧ್ಯಾಹ್ನ ಆಲಿಕಲ್ಲು ಮಳೆ ಬಿತ್ತು. ಹೂವಿನ ಜೊತೆ ಎಳೆ ಚಿಗುರೂ ಹೋಯಿತು. ನನ್ನ ದಾಸವಾಳದ ರೆಂಬೆಗಳು ಮುರಿದವು, ಕರಿಬೇವು ಬರೀ ಕಡ್ಡಿಯಾಯಿತು. ಸೊಪ್ಪಿನವಳು ನಾಲ್ಕು ದಿನ ಬರಲಿಲ್ಲ. ಬಂದಾಗ ಬುಟ್ಟಿಯಲ್ಲಿ ತೂತು ಬಿದ್ದ ದಂಟಿನ ಸೊಪ್ಪಿತ್ತು. ಹೀರೆಕಾಯಿ ಚಪ್ಪರ ನೆಲಕ್ಕೆ ಬಿತ್ತೆಂದು ಹೇಳಿ ಹೋದಳು.

ಹಬ್ಬಕ್ಕೆ ಒಂದು ವಾರ ಇದ್ದಾಗ ಬೀದಿಯ ಜನ ಎಂದಿನಂತೆ ತಲೆಯೆತ್ತಿದರು. ಬೋಳು ಮರ ಕಂಡಿತು. ಎದುರುಮನೆಯವರಿಗೆ ಅಷ್ಟೇ ಸಾಕಾಯಿತು. ಮರ ಒಣಗಿದೆ, ಬಿದ್ದರೆ ಅಪಾಯ, ಕಡಿಸಿಕೊಡಿ ಎಂದು ಪಾಲಿಕೆಗೆ ಅರ್ಜಿ ಬರೆದು ಮನೆಮನೆಗೆ ಹೋಗಿ ಸಹಿ ಹಾಕಿಸಿದರು. ವರ್ಷವರ್ಷವೂ ಅದೇ ಮರದ ಹೂ ತಿಂದವರೆಲ್ಲ ಸಹಿ ಹಾಕಿದರು, ಎರಡು ಮನೆಯವರನ್ನು ಬಿಟ್ಟು. ಹಬ್ಬ ಮುಗಿದ ಮೇಲೆ ಕಡಿಯುವವರು ಬರುತ್ತಾರೆಂದು ಗೊತ್ತಾಗಿ ಜಗಳಕ್ಕೇ ಹೋದೆ.

"ಮೇಡಂ, ಯುಗಾದಿಗೂ ಹೂ ಬಿಟ್ಟಿಲ್ಲ ಅಂದ್ರೆ ಏನರ್ಥ? ಸತ್ತೋಗಿದೆ. ನನ್ ಕಾರ್ ಮೇಲೆ ಬಿದ್ರೆ ಯಾರ್ ಜವಾಬ್ದಾರಿ?"

"ಕಾರ್ ಬೇರೆ ಕಡೆ ನಿಲ್ಸಿ."

"ಎಲ್ ನಿಲ್ಸೋದು ಮೇಡಂ, ನೆರಳು ಬೇಡ್ವಾ?"

ಫೆಬ್ರವರಿಯಲ್ಲೇ ಹೂ ಬಿಟ್ಟಿತ್ತು ಎಂದು ಹೇಳಬಹುದಿತ್ತು. ಬಾಯಿ ಬಿಡಲಿಲ್ಲ. ಅವರ ಮಗಳಿಗೆ ಮದುವೆಯಾಗಿ ಅದು ಮೊದಲ ಯುಗಾದಿ, ದಾವಣಗೆರೆ ಕಡೆಯ ಬೀಗರು ಅಳಿಯನ ಜೊತೆ ಬರುವವರಿದ್ದರು. ಬೇವಿನ ಹೂವಿಲ್ಲದೆ ಅವರ ಮುಂದೆ ಬೇವು-ಬೆಲ್ಲ ಇಡುವುದು ಹೇಗೆ? ಬರಲಿ, ನನ್ನ ಗೇಟಿಗೇ ಬರಲಿ ಎಂದು ಹಲ್ಲು ಕಚ್ಚಿ ಕಾದೆ.

ಹಬ್ಬದ ಹಿಂದಿನ ದಿನ ವಿಜಯನಗರದ ಮಾರ್ಕೆಟ್ಟಿನಲ್ಲಿ ಬೇವಿನ ಸೊಪ್ಪಿತ್ತು, ಹೂವಿರಲಿಲ್ಲ. ಸಹಿ ಹಾಕದ ಎರಡು ಮನೆಗೆ ನಾನೇ ಹೋಗಿ ಒಣಗಿದ ಹೂವಿನ ಪೊಟ್ಟಣ ಕೊಟ್ಟು ಬಂದೆ. ಸುದ್ದಿ ಹಬ್ಬಲಿ ಅಂತಲೇ ಕೊಟ್ಟದ್ದು. ಉಳಿದವರು ಒಬ್ಬೊಬ್ಬರಾಗಿ ಬಂದರು. "ಸತ್ತ ಮರದಲ್ಲಿ ಹೂ ಎಲ್ಲಿಂದ ಬರ್ಬೇಕು?" ಎಂದು ಅವರ ಮುಖ ನೋಡಿಕೊಂಡೇ ಕೇಳಿ ಗೇಟು ಹಾಕಿದೆ. ಪ್ರತಿ ಸಲ ಚಿಲಕದ ಸದ್ದಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ನಾಚಿಕೆಯೇನೂ ಆಗಲಿಲ್ಲ.

ಯುಗಾದಿಯ ಬೆಳಿಗ್ಗೆ ಎದುರುಮನೆಯವರು ಹೊಸ ಪಂಚೆ ಉಟ್ಟು, ಬೆಳ್ಳಿ ಬಟ್ಟಲು ಹಿಡಿದು ಬಂದರು. ನನ್ನ ಅದೃಷ್ಟಕ್ಕೆ ಬೀಗರೂ ಬೀದಿ ನೋಡುತ್ತ ಹಿಂದೆಯೇ ಬಂದರು.

"ಒಂದ್ ಚಿಟಿಕೆ ಹೂವಿದ್ರೆ ಕೊಡಿ ಮೇಡಂ."

ಸೀಸೆ ತಂದು ಕಾಂಪೌಂಡಿನ ಮೇಲಿಟ್ಟೆ. "ಇದೆ. ಆದ್ರೆ ಇದೇ ಮರದ್ದು. ನೀವೇ ಬರ್ದಿದೀರಲ್ಲ, ಸತ್ತೋಗಿದೆ ಅಂತ. ಸತ್ತ ಮರದ ಹೂವನ್ನ ವರ್ಷದ ಮೊದಲ್ನೇ ದಿನ ಹೊಸ ಅಳಿಯನಿಗೆ ತಿನ್ನಿಸ್ತೀರಾ?"

"ಸತ್ತ ಮರದ್ದಾ?" ಎಂದರು ಬೀಗರು. ಎದುರುಮನೆಯವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಬೀಗರು ಮರದ ಹತ್ತಿರ ಹೋಗಿ ಕೆಳಗಿನ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರಿತ್ತು.

"ಜೀವ ಐತ್ರೀ ಇದಕ್ಕೆ. ನಮ್ ತೋಟದ ದಾಳಿಂಬೆ ಹೂವೂ ಹಿಂಗೇ ಆಲಿಕಲ್ಲಿಗೆ ಉದುರಿ ಹೋದ್ವು. ಅದಕ್ಕೆ ಗಿಡ ಸತ್ತೋತು ಅಂದ್ರೆ ಹೆಂಗ್ರೀ?"

ನಾನು ಒಳಗಿನಿಂದ ಬಿಳಿ ಹಾಳೆಯನ್ನೂ ಮೌಲ್ಯಮಾಪನದ ಕಾಲದ ಕೆಂಪು ಪೆನ್ನನ್ನೂ ತಂದು ಎದುರುಮನೆಯವರ ಕೈಗೆ ಕೊಟ್ಟೆ. ಬೀಗರ ಎದುರಿಗೇ, ನನ್ನ ಕಾಂಪೌಂಡಿನ ಮೇಲೆ ಹಾಳೆ ಇಟ್ಟುಕೊಂಡು, ಮರ ಬದುಕಿದೆ, ಅರ್ಜಿ ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದು ಬರೆದು ಸಹಿ ಹಾಕಿದರು. ಓದಿ ನೋಡಿ, ಒಂದು ಕಾಗುಣಿತ ತಿದ್ದಿಸಿ, ಆಮೇಲೆ ಬಟ್ಟಲಿಗೆ ಹೂ ಹಾಕಿದೆ. ಒಂದೇ ಚಿಟಿಕೆ. ಅದಕ್ಕಿಂತ ಒಳ್ಳೆಯ ಯುಗಾದಿಯನ್ನು ನಾನು ಕಂಡಿಲ್ಲ.

ಮರ ಉಳಿಯಿತು. ಏಪ್ರಿಲ್ಲಿನಲ್ಲಿ ಮತ್ತೆ ಚಿಗುರಿತು. ಕಥೆ ಅಲ್ಲಿಗೇ ಮುಗಿದಿದ್ದರೆ ನನಗೂ ಮರ್ಯಾದೆಯಿರುತ್ತಿತ್ತು.

ಕಳೆದ ವರ್ಷ ಮತ್ತೆ ಅದೇ ಬಿಸಿಲು, ಅದೇ ಫೆಬ್ರವರಿ ಹೂವು. ಭುಜದ ನೋವಿನಿಂದ ನನ್ನ ಕೈಗೆ ದೋಟಿ ಎತ್ತಲಾಗುತ್ತಿರಲಿಲ್ಲ. ನಾಳೆ ಯಾರನ್ನಾದರೂ ಕರೆಯೋಣ, ನಾಡಿದ್ದು ಕರೆಯೋಣ ಎಂದು ದಿನ ತಳ್ಳಿದೆ. ಒಂದು ಮಧ್ಯಾಹ್ನ ಎದುರುಮನೆಯವರು ಏಣಿ ಹೊತ್ತು, ಹೆಗಲ ಮೇಲೆ ಬೆಡ್‌ಶೀಟ್ ಹಾಕಿಕೊಂಡು ಗೇಟಿಗೆ ಬಂದರು. ಅಷ್ಟರಲ್ಲಿ ಅವರೂ ಹಬ್ಬಕ್ಕೆ ಮೊದಲೇ ತಲೆಯೆತ್ತಿ ನೋಡುವುದನ್ನು ಕಲಿತಿದ್ದರು.

"ಸಾಯಂಕಾಲ ಮಳೆ ಗ್ಯಾರಂಟಿ ಮೇಡಂ. ಕಿತ್ ಕೊಡ್ತೀನಿ, ಎಲ್ಲಾ ನೀವೇ ಇಟ್ಕೊಳ್ಳಿ."

ಕೆಂಗೇರಿ ಕಡೆ ಮೋಡ ಕಪ್ಪಾಗಿದ್ದುದು ನನಗೂ ಕಾಣುತ್ತಿತ್ತು. ಅವರು ಹೇಳಿದ್ದು ಸರಿಯೆಂದು ಗೊತ್ತಿತ್ತು. ಗೊತ್ತಿದ್ದೇ, "ನನ್ನ ಮರ ಮುಟ್ಬೇಡಿ" ಎಂದೆ.

ಅವರು ಏಣಿಯನ್ನು ಹಿಂದಕ್ಕೆ ಒಯ್ದರು. ಬೆಡ್‌ಶೀಟನ್ನು ಕಾರಿನ ಮೇಲೆ ಹಾಸಿ ನಾಲ್ಕು ಮೂಲೆ ಬಿಗಿದರು. ಕಾರಿನ ಮೇಲಿನ ಪ್ರೀತಿ ನೋಡು ಎಂದು ಕಿಟಕಿಯಲ್ಲಿ ನಿಂತು ಮನಸ್ಸಿನಲ್ಲೇ ಹಂಗಿಸಿದೆ. ಐದು ಗಂಟೆಗೆ ಗಾಳಿ ಎದ್ದಿತು, ಆಮೇಲೆ ಮಳೆ. ಹೂವೆಲ್ಲ ಮೋರಿಗೆ ಹರಿಯಿತು. ನನಗಿಲ್ಲದಿದ್ದರೂ ಚಿಂತೆಯಿಲ್ಲ, ಅವರಿಗಂತೂ ಸಿಗಲಿಲ್ಲವಲ್ಲ ಎಂದು ಸಮಾಧಾನದಿಂದ ಕಾಫಿ ಕುಡಿದೆ.

ಯುಗಾದಿಯ ದಿನ ನನ್ನ ಸೀಸೆ ಖಾಲಿ. ಬೆಲ್ಲಕ್ಕೆ ಬೇವಿನ ಎಲೆ ಹರಿದು ಹಾಕುತ್ತ ಕೂತಿದ್ದಾಗ ಕಾಲಿಂಗ್ ಬೆಲ್ ಸದ್ದಾಯಿತು. ಗೇಟಿನಲ್ಲಿ ಎದುರುಮನೆಯವರು, ಕೈಯಲ್ಲಿ ಅದೇ ಬೆಳ್ಳಿ ಬಟ್ಟಲು. ಒಳಗೆ ಬೇವು-ಬೆಲ್ಲ, ಅದರ ತುಂಬ ಹೂವು.

"ಅವತ್ತು ಬೆಡ್‌ಶೀಟ್ ಮೇಲೆ ಬಿದ್ದಿದ್ದು ಮೇಡಂ. ಫ್ಯಾನ್ ಕೆಳಗೆ ಒಣಗ್ಸಿದ್ವಿ. ನಿಮ್ ಮರದ್ದೇ, ಮೊದ್ಲು ನಿಮ್ಗೇ ಕೊಡೋಣ ಅಂತ."

ಅವರ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಸಿಕ್ಕಿದ್ದರೆ ಬಟ್ಟಲನ್ನು ಹಾಗೇ ವಾಪಸ್ಸು ಕೊಡಬಹುದಿತ್ತು. ಸಿಗಲಿಲ್ಲ. ಅಕ್ಕಪಕ್ಕದವರು ರಂಗೋಲಿ ಬಿಟ್ಟು ನಮ್ಮ ಕಡೆಯೇ ನೋಡುತ್ತಿದ್ದರು. ಅವರೆದುರಿಗೇ ಒಂದಿಷ್ಟು ತೆಗೆದು ಬಾಯಿಗೆ ಹಾಕಿಕೊಂಡೆ.

"ಕಹಿ ಜಾಸ್ತಿ ಆಯ್ತಾ ಮೇಡಂ?"

"ಇಲ್ಲ, ಸರಿಯಾಗಿದೆ" ಎಂದೆ.